ಮಾಗಡಿಯ ಹೆದ್ದಾರಿಯೂ ರಾಗಿಯ ಕಣವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಬೆಂಗಳೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಡುವ ಮಾಗಡಿಯ ರಸ್ತೆಯನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ಇದು ರಾಜ್ಯದ 85ನೆಯ ನಂಬರಿನ ಹೆದ್ದಾರಿ. ಸುಂಕದಕಟ್ಟೆ, ಬ್ಯಾಡರಹಳ್ಳಿ, ತಾವರೆಕೆರೆಗಳನ್ನು ಹಾಯ್ದು, ಸುಮಾರು 50 ಕಿಲೋಮೀಟರುಗಳ ದೂರದಲ್ಲಿ ಮಾಗಡಿಯನ್ನು ಮುಟ್ಟಿ, ಅಲ್ಲಿಂದ ಹುಲಿಯೂರುದುರ್ಗದ ಕಡೆಗೆ ಸಾಗುತ್ತದೆ. ಈ ದಾರಿ ಪುರಾತನವಾದುದು. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂದು ಪ್ರಸಿದ್ಧರಾಗಿರುವ ಕೆಂಪೇಗೌಡರ ವಂಶಕ್ಕೆ ಮಾಗಡಿಯೇ ಮುಂದೆ ರಾಜಧಾನಿಯಾಯಿತು. ಸುಂಕದಕಟ್ಟೆಯೆಂಬ ಹೆಸರೇ ಸರಕು ಹೇರಿದ ಎತ್ತುಗಳೂ ಗಾಡಿಗಳೂ ನಿಂತು ಸುಂಕ ಕೊಡುತ್ತಿದ್ದ ಕಾಲವನ್ನು ನೆನಪಿಗೆ ತರುತ್ತದೆ. ದಾರಿಗೆ ಸಮೀಪದಲ್ಲಿ ಅರ್ಕಾವತಿ, ಕುಮುದ್ವತಿ ನದಿಗಳು ಕೂಡುವಲ್ಲಿ 1933ರಲ್ಲಿ ಪೂರೈಸಿದ ತಿಪ್ಪಗೊಂಡನಹಳ್ಳಿಯ ಜಲಾಶಯವಿದೆ. ಬೆಂಗಳೂರು ನಗರವು ಬಹುಕಾಲ ಅದರ ನೀರನ್ನು ಕುಡಿಯಿತು. ನಗರಕ್ಕೂ ಈ ಸೀಮೆಯ ಗ್ರಾಮಗಳಿಗೂ ಇರುವ ಸಂಬಂಧ ಹೊಸದಲ್ಲ.

ನಾನು ಈ ದಾರಿಯಲ್ಲಿ ಅನೇಕ ವರ್ಷಗಳಿಂದ ಸರ್ಕೀಟು ಮಾಡುತ್ತಿದ್ದೇನೆ. ದಾರಿಯ ಉಪಕಾರವನ್ನೂ, ಆ ಉಪಕಾರವನ್ನು ನಾವೇ ಹಾಳುಮಾಡಿಕೊಳ್ಳುತ್ತಿರುವ ಒಂದು ರೂಢಿಯನ್ನೂ ಕುರಿತು ರೈತಬಾಂಧವರಲ್ಲಿ ನಾಲ್ಕು ಮಾತುಗಳನ್ನು ಅರಿಕೆಮಾಡುವುದು ಈ ಲೇಖನದ ಉದ್ದೇಶ.

ರಸ್ತೆಯಿಂದ ಆದ ಅನುಕೂಲ

ಎತ್ತಿನ ಗಾಡಿಯು ಗಂಟೆಗೆ ಎರಡು ಮೈಲಿಗಿಂತ ಹೆಚ್ಚು ನಡೆಯಲಾರದು. ಮಾಗಡಿಯಿಂದ ಬೆಂಗಳೂರಿಗೆ ಹೊರಟ ಗಾಡಿ ದಾರಿಯಲ್ಲಿ ಒಂದು ರಾತ್ರಿ ತಂಗದೆ ಪೇಟೆಯನ್ನು ಸೇರುತ್ತಿರಲಿಲ್ಲ. ಆದಕಾರಣ ಕೆಡದೆ ನಿಲ್ಲುವ ರಾಗಿ, ಹುರುಳಿ, ಹುಣಿಸೆಹಣ್ಣುಗಳೇ ಪೇಟೆಗೆ ಹೋಗುತ್ತಿದ್ದುವು. ಹಸಿಯ ಪದಾರ್ಥಗಳು ಊರಿನಲ್ಲಿಯೇ ಮುಗಿಯುತ್ತಿದ್ದುವು. ಈಗ ಸಂಜೆ ಬಿಡಿಸಿದ ಅವರೆಕಾಯಿ ಮಾರನೆಯ ದಿನ ಬೆಳಗಾಗುವುದರೊಳಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿರುತ್ತದೆ.

ಅವರೆಯ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮಾಗಡಿಯ ಅವರೆಯ ಸೊಗಡನ್ನು ಬೆಂಗಳೂರಿನ ಗೃಹಿಣಿಯರು ಹೆಸರು ಹಿಡಿದು ಕೇಳುತ್ತಾರೆ. ನಾಡ ಅವರೆಯು ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಹೂವಾಗುವ ಸ್ವಭಾವದ್ದಾದುದರಿಂದ ಅದರ ಸುಗ್ಗಿ ಮಾರ್ಗಶಿರ ಪುಷ್ಯಗಳಲ್ಲಿಯೇ. ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಅಳತೆಗೆ ಕಟ್ಟುಬೀಳದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಮುಂತಾದ ತಳಿಗಳನ್ನು ಹೊರಡಿಸಿ ವರುಷವೆಲ್ಲಾ ಕಾಯಿ ದೊರೆಯುವಂತೆ ಮಾಡಿದ್ದಾರೆ. ಆದರೂ ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದು, ಇಬ್ಬನಿಯುಂಡ ಕಾಯಿಗೆ ಇರುವ ಮನ್ನಣೆ ಬೇರೆ. ಇಂಥ ಮಾಲಿಗೆ ಬೆಲೆ ತಂದುಕೊಟ್ಟುದು ರಸ್ತೆ. ಹಾಲಿನ ವಿಷಯವೂ ಹೀಗೆಯೇ. ಪ್ರತಿ ಗ್ರಾಮದ ಸಹಕಾರ ಸಂಘದಲ್ಲಿ ಬೆಳಿಗ್ಗೆ ಸಂಜೆ ಅಳೆದ ಹಾಲು ಈ ದಾರಿಯಿಂದಲೇ ಹೋಗುವುದು. ಒಂದು ಹೊತ್ತು ದಾರಿ ಕಟ್ಟಿದರೆ ಆ ಹೊತ್ತಿನ ಹಾಲಿಗೆ ಬೆಲೆಯಿಲ್ಲ.

ರಸ್ತೆಯು ಪೇಟೆಯನ್ನು ಊರಿಗೆ ತಂದಂತೆ ನಗರವನ್ನೂ ಊರಿಗೆ ತಂದಿದೆ. ತಾವರೆಕೆರೆಯ ಆಸುಪಾಸಿನಲ್ಲಿ ರಾಗಿಯ ಹೊಲಗಳು ನಿವೇಶನಗಳಾಗಿವೆ. ರಸ್ತೆಯ ಮಗ್ಗುಲಿನ ಜಮೀನಿನ ಬೆಲೆ ಏರಿದಂತೆಲ್ಲ ಊರೊಟ್ಟಿನ ಬಯಲುಗಳೂ ಕಿರಿದಾಗಿವೆ. ಹೀಗೆ ಕಿರಿದಾದುವುಗಳಲ್ಲಿ ಮೊದಲನೆಯದು ಒಕ್ಕಣೆಯ ಕಣ.

ಹೆದ್ದಾರಿಯೇ ಕಣವಾದ ಬಗೆ

ಕಾರ್ತೀಕ ಕಳೆದು ರಾಗಿ ಕೊಯ್ಲಾದ ಮೇಲೆ ಈ ದಾರಿಯಲ್ಲಿ ಪ್ರಯಾಣಮಾಡುವವರಿಗೆ ಕಾಣುವ ನೋಟ ಒಂದೇ. ರಸ್ತೆಯ ಒಂದು ಪಕ್ಕದಲ್ಲಿ, ಕೆಲವು ಕಡೆ ಎರಡು ಪಕ್ಕಗಳಲ್ಲಿಯೂ, ತೆನೆಸಹಿತವಾದ ರಾಗಿಯ ಹುಲ್ಲನ್ನು ಮೊಳದೆತ್ತರ ಹರಡಿರುತ್ತಾರೆ. ಬಸ್ಸು, ಲಾರಿ, ಕಾರುಗಳು ಅದರ ಮೇಲೆ ಹರಿಯುವುವು, ಕಾಳು ಉದುರುವುದು. ಸಂಜೆ ಹುಲ್ಲನ್ನು ಕೊಡವಿ ತೆಗೆದು, ಕಾಳನ್ನು ಗುಡಿಸಿ, ಅಲ್ಲಿಯೇ ತೂರುವರು. ರಾಶಿಯನ್ನು ವಾಹನಗಳು ತುಳಿಯದಿರಲೆಂದು ಸುತ್ತಲೂ ದಪ್ಪ ಕಲ್ಲುಗಳನ್ನು ಸಾಲಿಡುವರು. ಕತ್ತಲಾದ ಮೇಲೂ ಆ ಕಲ್ಲುಗಳು ಅಲ್ಲಿಯೇ ಇರುತ್ತವೆ. ಹುರುಳಿಗೂ ಇದೇ ಕ್ರಮ.

ನಮ್ಮ ಹಿರಿಯರ ಕ್ರಮ ಹೀಗಿರಲಿಲ್ಲ. ಊರ ಹೊರಗೆ ಗಾಳಿ ಆಡುವ ಎತ್ತರದ ಸ್ಥಳದಲ್ಲಿ ಕಣದ ಜಾಗವಿರುತ್ತಿತ್ತು. ಅದನ್ನು ಕೆತ್ತಿ ಮಟ್ಟಮಾಡಿ, ಕೆರೆಯ ಜೇಡಿಮಣ್ಣು ಹರಡಿ, ನೀರು ಚಿಮುಕಿಸಿ, ಗುಂಡು ಉರುಳಿಸಿ ಗಟ್ಟಿಮಾಡಿ, ಸಗಣಿಯಿಂದ ಸಾರಿಸುತ್ತಿದ್ದರು. ಕೊಯ್ದ ರಾಗಿಯನ್ನು ಕೆಲವು ವಾರ ಮೆದೆಯಲ್ಲಿಟ್ಟು ಪದವಾದ ಮೇಲೆ ಕಣದಲ್ಲಿ ಹರಡಿ, ಎತ್ತುಗಳಿಂದ ಕಲ್ಲಿನ ಗುಂಡನ್ನು ಎಳೆಸುತ್ತಿದ್ದರು. ಕಣಕ್ಕೆ ಕೆರಮೆಟ್ಟಿ ಹೋಗಬಾರದೆಂಬ ಕಟ್ಟುಪಾಡಿತ್ತು. ಇದು ಬರಿಯ ಆಚಾರವೆಂದು ನಗುವುದು ಸಲ್ಲದು. ಉಣ್ಣುವ ಧಾನ್ಯಕ್ಕೆ ಮಣ್ಣು ಮರಳು ಸೇರದಿರಲು ಅದಕ್ಕಿಂತ ಸುಲಭವಾದ ಉಪಾಯವಿಲ್ಲ.

ರೈತರನ್ನು ಸುಮ್ಮನೆ ದೂರುವುದೂ ನ್ಯಾಯವಲ್ಲ. ಎತ್ತುಗಳನ್ನು ಸಾಕುವವರು ಕಡಮೆಯಾದರು. ಗುಂಡುಗಳು ಬೇಲಿಯ ಮಗ್ಗುಲಲ್ಲಿ ಬಿದ್ದಿವೆ. ಕೂಲಿಯಾಳುಗಳು ನಗರದ ಕೆಲಸಕ್ಕೆ ಹೋಗುವರು. ಮೋಡ ಕವಿದರೆ ಬೆಳೆಗಾರನಿಗೆ ದಿಕ್ಕು ತೋಚದು. ಎದುರಿಗೇ ಗಟ್ಟಿಯಾದ, ಬಿಸಿಲು ಬೀಳುವ, ಬಾಡಿಗೆಯಿಲ್ಲದ ನೆಲವಿದೆ; ಅದರ ಮೇಲೆ ಕೂಲಿಯಿಲ್ಲದೆ ತುಳಿಯುವ ಚಕ್ರಗಳಿವೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಬಲ್ಲವನು ಇದನ್ನು ಬಿಡುವನೆ? ಆದರೆ ಈ ಪುಕ್ಕಟೆಯ ಕಣಕ್ಕೆ ಕೊಡುತ್ತಿರುವ ಬೆಲೆಯನ್ನು ಲೆಕ್ಕಹಾಕಿದವರು ವಿರಳ.

ಕಣ್ಣಾರೆ ಕಂಡ ಎರಡು ಸಂಗತಿಗಳು

ಎರಡು ವರ್ಷಗಳ ಹಿಂದೆ ಧನುರ್ಮಾಸದಲ್ಲಿ ಒಂದು ದಿನ ಬೆಳಗಿನ ಜಾವ ನಾನು ಈ ದಾರಿಯಲ್ಲಿ ಬರುತ್ತಿದ್ದಾಗ ಒಂದು ಗ್ರಾಮದ ತಿರುವಿನಲ್ಲಿ ಜನ ಕೂಡಿದ್ದರು. ಹಾಲಿನ ಕ್ಯಾನುಗಳನ್ನು ಮೋಟಾರು ಸೈಕಲಿನ ಎರಡು ಪಕ್ಕಕ್ಕೆ ಕಟ್ಟಿಕೊಂಡು ಹೋಗುತ್ತಿದ್ದ ಇಪ್ಪತ್ತೆರಡು ವಯಸ್ಸಿನ ಹುಡುಗನು ಇಬ್ಬನಿಯಿಂದ ನೆಂದ ರಾಗಿಯ ಹುಲ್ಲಿನ ಮೇಲೆ ಜಾರಿ ಬಿದ್ದಿದ್ದನು. ಕಾಲಿನ ಮೂಳೆ ಮುರಿದಿತ್ತು. ಹಾಲು ಹುಲ್ಲಿನ ಕೆಳಗಿನಿಂದ ಚರಂಡಿಗೆ ಹರಿಯುತ್ತಿತ್ತು. ಅವನನ್ನು ಎತ್ತಿ ನನ್ನ ವಾಹನದಲ್ಲಿ ಕೂರಿಸಿದವರು ಅವನ ಸೋದರಮಾವ. ದಾರಿಯುದ್ದಕ್ಕೂ ಅವರು ಒಂದು ಮಾತನ್ನೂ ಆಡಲಿಲ್ಲ. ಆ ಹುಲ್ಲನ್ನು ಹಿಂದಿನ ದಿನ ಹರಡಿದವರು ತಾವೇ ಎಂದು ಆಸ್ಪತ್ರೆಯ ಬಾಗಿಲಲ್ಲಿ ನನಗೆ ಹೇಳಿದರು. ಹುಡುಗನು ಮೂರು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಅವನ ಮನೆಗೆ ಬೇರೆ ವರಮಾನವಿರಲಿಲ್ಲ.

ಎರಡನೆಯ ಸಂಗತಿ ಅದೇ ಸುಗ್ಗಿಯದು. ಬೆಂಬಲ ಬೆಲೆಗೆ ರಾಗಿಯನ್ನು ಕೊಳ್ಳುವ ಒಂದು ಕೇಂದ್ರಕ್ಕೆ ಹೋಗಿದ್ದೆನು. ವಯಸ್ಸಾದ ರೈತರೊಬ್ಬರು ಹತ್ತು ಕ್ವಿಂಟಾಲು ರಾಗಿಯನ್ನು ತಂದು, ಸರದಿಯಲ್ಲಿ ಒಂದು ರಾತ್ರಿ ಕಳೆದಿದ್ದರು. ಪರೀಕ್ಷಿಸುವವರು ಒಂದು ಹಿಡಿಯನ್ನು ತಟ್ಟೆಯಲ್ಲಿ ಹರಡಿ, ಮರಳು ಹೆಚ್ಚಿದೆ, ಶುದ್ಧಮಾಡಿ ತರತಕ್ಕದ್ದೆಂದು ಹಿಂದಿರುಗಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ನಾನು ಹತ್ತಿರ ಹೋಗಿ, “ಯಜಮಾನರೇ, ರಸ್ತೆಯ ಮೇಲೆ ಒಕ್ಕಿದಿರೇನು?” ಎಂದು ಕೇಳಿದೆನು. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹೌದು ಸ್ವಾಮಿ. ಕಣ ಎಲ್ಲಿದೆ, ನೀವು ತೋರಿಸಿ, ಮುಂದಿನ ವರ್ಷ ಅಲ್ಲೇ ಒಕ್ತೀನಿ,” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಷ್ಟದ ವಿವರ

ರಾಗಿಯ ಕಾಳು ಬಹು ಸಣ್ಣದು. ಸಾವಿರ ಕಾಳುಗಳ ತೂಕ ಸುಮಾರು ಮೂರು ಗ್ರಾಮು ಮಾತ್ರ. ರಸ್ತೆಯ ಮೇಲಿನ ಮರಳಿನ ಹರಳು ಸಹ ಹೆಚ್ಚು ಕಡಮೆ ಅದೇ ಗಾತ್ರದ್ದು. ಆದ್ದರಿಂದ ಜರಡಿ ಹಿಡಿದರೆ ಎರಡೂ ಒಂದೇ ಕಣ್ಣಿನಿಂದ ಇಳಿಯುವುವು. ಗಾಳಿಗೆ ತೂರಿದರೆ ಹೊಟ್ಟು ಮಾತ್ರ ಹಾರುವುದು. ಮರಳು ಕಾಳಿಗಿಂತ ಭಾರವಾದುದರಿಂದ ರಾಶಿಯಲ್ಲಿಯೇ ನಿಲ್ಲುವುದು. ಜೋಳದಲ್ಲಿಯೋ ಕಡಲೆಯಲ್ಲಿಯೋ ಸೇರಿದ ಮರಳನ್ನು ತೆಗೆಯುವಷ್ಟು ಸುಲಭವಾಗಿ ರಾಗಿಯಿಂದ ತೆಗೆಯಲಾಗದು. ನೀರಿನಲ್ಲಿ ಜಾಲಿಸಬೇಕು; ಜಾಲಿಸಿದುದನ್ನು ಪುನಃ ಒಣಗಿಸಬೇಕು. ಒಂದು ಸೇರಿಗೆ ಇದು ಸಾಧ್ಯ. ಹತ್ತು ಕ್ವಿಂಟಾಲಿಗೆ ಸಾಧ್ಯವೆ?

ಸರ್ಕಾರದ ಖರೀದಿಯ ನಿಯಮದ ಪ್ರಕಾರ ಕಸ, ಕಲ್ಲು, ಮಣ್ಣು ಮುಂತಾದ ಅನ್ಯಪದಾರ್ಥಗಳು ನೂರಕ್ಕೆ ಒಂದು ಪಾಲನ್ನು ಮೀರಬಾರದು. ತೇವವು ನೂರಕ್ಕೆ 12ನ್ನು ಮೀರಬಾರದು. ಅಂದರೆ ಒಂದು ಕ್ವಿಂಟಾಲಿನಲ್ಲಿ ಒಂದು ಕಿಲೋಗ್ರಾಮಿಗಿಂತ ಹೆಚ್ಚು ಕಸವಿದ್ದರೆ ಇಡೀ ಮಾಲು ಹಿಂದಕ್ಕೆ ಬರುವುದು. 2025-26ನೆಯ ಸಾಲಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಹತ್ತು ಕ್ವಿಂಟಾಲಿಗೆ 48,860 ರೂಪಾಯಿ. ಒಂದು ಸಂಸಾರದ ವರ್ಷದ ದುಡಿಮೆಯ ಈ ಮೊತ್ತವು ಕೆಲವೇ ಕಿಲೋಗ್ರಾಮು ಮರಳಿನ ಮೇಲೆ ನಿಂತಿದೆ. ಹಿಂದಿರುಗಿದ ಮಾಲನ್ನು ವ್ಯಾಪಾರಿಯು ಯಾವ ಬೆಲೆಗೆ ಕೇಳುವನೆಂಬುದು ರೈತರಿಗೆ ತಿಳಿಯದ ಸಂಗತಿಯಲ್ಲ.

ಇನ್ನು ಹುಲ್ಲು. ಹಾಲು ಮಾರಿ ಬದುಕುವ ಈ ಸೀಮೆಯಲ್ಲಿ ರಾಗಿಯ ಹುಲ್ಲು ಕಾಳಿನಷ್ಟೇ ಬೆಲೆಯುಳ್ಳದ್ದು. ಚಕ್ರದ ಕೆಳಗೆ ನುಗ್ಗಾದ ಹುಲ್ಲಿಗೆ ಎಂಜಿನಿನ ಎಣ್ಣೆಯೂ ಟೈರಿನ ಪುಡಿಯೂ ಹತ್ತುತ್ತದೆ. ದಾರಿಯ ಮೇಲೆ ಬಿದ್ದ ತಂತಿ, ಮೊಳೆಗಳು ಅದರೊಡನೆ ಬಣವೆಗೆ ಹೋಗುತ್ತವೆ. ಮೇವಿನೊಡನೆ ತಂತಿ ನುಂಗಿದ ಹಸುವಿನ ಜಠರಕ್ಕೆ ಗಾಯವಾಗಿ ಪ್ರಾಣಕ್ಕೇ ಅಪಾಯವಾಗುವುದನ್ನು ಪಶುವೈದ್ಯರು ಬಲ್ಲರು.

ಬೀಜದ ಕೇಡು ಮೂರನೆಯದು. ಹೆದ್ದಾರಿಯ ಮೇಲೆ ಒಬ್ಬರ ರಾಗಿ ಮುಗಿಯುವಲ್ಲಿ ಇನ್ನೊಬ್ಬರ ರಾಗಿ ಮೊದಲಾಗುತ್ತದೆ. ಚಕ್ರಗಳು ಎರಡನ್ನೂ ಬೆರಸುತ್ತವೆ. ಬೆಂಕಿರೋಗವನ್ನು ತಡೆಯುವ ಜಿ.ಪಿ.ಯು. 28ನೆಯ ತಳಿಯನ್ನು ಹಣಕೊಟ್ಟು ತಂದು ಬೆಳೆದವರು ಮರುವರ್ಷ ಬಿತ್ತುವುದು ಅದನ್ನೇ ಎಂಬ ಭರವಸೆ ಉಳಿಯುವುದಿಲ್ಲ.

ಪ್ರಾಣಾಪಾಯವನ್ನು ಕೊನೆಯಲ್ಲಿ ಹೇಳಿದರೂ ಅದೇ ಎಲ್ಲಕ್ಕಿಂತ ದೊಡ್ಡದು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ದ್ವಿಚಕ್ರದ ವಾಹನ ನಿಲ್ಲದು. ಕಾರಿನ ಅಡಿಗೆ ಸುತ್ತಿಕೊಂಡ ಒಣಹುಲ್ಲು ಹೊಗೆಕೊಳವೆಯ ಬಿಸಿಗೆ ಹೊತ್ತಿಕೊಳ್ಳುವುದುಂಟು. ರಾಶಿಯ ಸುತ್ತಲಿನ ಕಲ್ಲು ಕತ್ತಲಲ್ಲಿ ಕಾಣದು. ಸಾರ್ವಜನಿಕ ದಾರಿಯಲ್ಲಿ ಹೀಗೆ ಅಡ್ಡಿ ಅಪಾಯಗಳನ್ನುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ ಅಪರಾಧವಾಗಿದ್ದು, 5,000 ರೂಪಾಯಿಗಳವರೆಗೆ ದಂಡಕ್ಕೆ ಗುರಿಯಾಗುತ್ತದೆ. ಆದರೆ ದಂಡದ ಹೆದರಿಕೆಯಿಂದ ಈ ರೂಢಿ ನಿಲ್ಲುವುದೆಂದು ನಾನು ನಂಬುವುದಿಲ್ಲ. ಕಣವಿಲ್ಲದವನಿಗೆ ದಂಡ ಹಾಕಿದರೆ ಅವನು ಮತ್ತೊಂದು ತಿರುವಿನಲ್ಲಿ ಹರಡುವನು.

ಮಾಡತಕ್ಕ ಕಾರ್ಯಗಳು

1. ಪ್ರತಿ ಗ್ರಾಮದವರೂ ತಮ್ಮ ಊರಿನ ಹಳೆಯ ಕಣದ ಜಾಗಗಳನ್ನು ಗುರುತಿಸತಕ್ಕದ್ದು. ಹಿರಿಯರನ್ನು ಕೇಳಿದರೆ ಅವು ತಿಳಿಯುವುವು. ಸರ್ಕಾರಿ ಜಾಗವಾಗಿದ್ದರೆ ಗ್ರಾಮ ಪಂಚಾಯತಿಯವರ ಮೂಲಕ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಒಕ್ಕಣೆಗೆಂದು ಕಾದಿಡಿಸಿಕೊಳ್ಳಬೇಕು.

2. ಊರೊಟ್ಟಿನ ಪಕ್ಕಾ ಕಣವೇ ಉತ್ತಮ. 2005ರ ಗ್ರಾಮೀಣ ಉದ್ಯೋಗ ಖಾತರಿಯ ಕಾಯಿದೆಯ ಹಣದಿಂದ ನಮ್ಮ ರಾಜ್ಯದ ಹಲವು ಗ್ರಾಮಗಳಲ್ಲಿ ಇಂಥ ಕಣಗಳನ್ನು ಕಟ್ಟಲಾಯಿತು. ಅವುಗಳಲ್ಲಿ ಕೆಲವು ಇಂದು ಮರಳು ಇಟ್ಟಿಗೆಗಳನ್ನು ಹಾಕುವ ಜಾಗವಾಗಿವೆ. ಹೊಸದನ್ನು ಕೇಳುವ ಮೊದಲು ಇರುವುದನ್ನು ತೆರವುಮಾಡಿಕೊಳ್ಳಬೇಕು.

3. ಸಿಮೆಂಟಿಗೆ ಹಣವಿಲ್ಲದ ಕಡೆ ಚಪ್ಪಡಿ ಕಲ್ಲು ಹಾಸಿ ಸಂದುಗಳಿಗೆ ಗಾರೆ ತುಂಬಬಹುದು. ಮಾಗಡಿಯ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. 30 ಅಡಿ ಚದರದ ಕಣವಾದರೆ ನಾಲ್ಕಾರು ಮನೆಯವರು ಸರದಿಯಿಂದ ಒಕ್ಕಿಕೊಳ್ಳಬಹುದು. ಮಳೆಯ ನೀರು ನಿಲ್ಲದಂತೆ ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಬೇಕು.

4. ಅದೂ ಆಗದಿದ್ದರೆ ಹೊಲದಲ್ಲಿಯೇ ಮಣ್ಣಿನ ಕಣವನ್ನು ಹಳೆಯ ಕ್ರಮದಂತೆ ಸಿದ್ಧಪಡಿಸಿ, ಅದರ ಮೇಲೆ ಟಾರ್ಪಾಲನ್ನು ಹಾಸಿ ಕಾಳನ್ನು ಒಣಗಿಸುವುದು. ಟಾರ್ಪಾಲುಗಳಿಗೆ ದೊರೆಯುವ ಸಹಾಯಧನದ ವಿವರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬಹುದು.

5. ಎತ್ತುಗಳಿಲ್ಲದವರು ಟ್ರ್ಯಾಕ್ಟರಿನಿಂದ ನಡೆಯುವ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತರಿಸಬಹುದು. 2014-15ನೆಯ ಸಾಲಿನಲ್ಲಿ ಮೊದಲಾದ ಕೃಷಿ ಯಂತ್ರಧಾರೆಯ ಕೇಂದ್ರಗಳ ಉದ್ದೇಶವೇ ಇದು. ಒಬ್ಬೊಬ್ಬರೇ ಕರೆದರೆ ಬಾಡಿಗೆ ಭಾರವಾದೀತು. ಒಂದು ಊರಿನ ಹತ್ತು ಮನೆಯವರು ಒಂದೇ ದಿನಕ್ಕೆ ಗೊತ್ತುಮಾಡಿಕೊಂಡರೆ ಯಂತ್ರ ಬರುವುದಕ್ಕೂ ಅನುಕೂಲ, ಹಣವೂ ಉಳಿತಾಯ.

6. ಕೊಯ್ದ ಕೂಡಲೆ ಒಕ್ಕಲು ಆತುರಪಡಬಾರದು. ಮೆದೆಯನ್ನು ತೆನೆ ಒಳಗಾಗುವಂತೆ ಒಟ್ಟಿ, ಮೇಲೆ ಹುಲ್ಲು ಹೊದಿಸಿದರೆ ಮೋಡಕ್ಕೆ ಅಂಜಬೇಕಾಗಿಲ್ಲ. ಚೆನ್ನಾಗಿ ಒಣಗಿದ ಕಾಳು ಹಲ್ಲಿನಲ್ಲಿ ಕಚ್ಚಿದರೆ ಸದ್ದಾಗಿ ಒಡೆಯುವುದು. ಮೆತ್ತಗಾದರೆ ಇನ್ನೂ ಬಿಸಿಲು ಬೇಕು.

7. ಬಿತ್ತನೆಯ ರಾಗಿಯನ್ನು ಏನಾದರೂ ಸರಿ, ರಸ್ತೆಗೆ ಹಾಕಲೇಬಾರದು. ಹೊಲದಲ್ಲಿಯೇ ಒಳ್ಳೆಯ ತೆನೆಗಳನ್ನು ಆರಿಸಿ, ಮನೆಯ ಅಂಗಳದಲ್ಲಿ ಕೈಯಿಂದ ಬಡಿದು ಬೇರೆಯಾಗಿ ಇಡತಕ್ಕದ್ದು.

ಒಂದು ಗ್ರಾಮದ ಪ್ರಯತ್ನ

“ಕಣ ಎಲ್ಲಿದೆ” ಎಂದು ಕೇಳಿದ ಆ ಯಜಮಾನರ ಊರಿಗೆ ಬೇಸಗೆಯಲ್ಲಿ ನಾನು ಹೋದೆನು. ಅವರೇ ಮುಂದಾಗಿ ಊರಿನ ಮೂರು ಹಳೆಯ ಕಣಗಳ ಜಾಗವನ್ನು ತೋರಿಸಿದರು. ಒಂದರ ಮೇಲೆ ಮನೆ ಎದ್ದಿತ್ತು. ಎರಡನೆಯದರಲ್ಲಿ ಯಾರೋ ಲಾರಿಯಲ್ಲಿ ತಂದ ಕಟ್ಟಡದ ಕಸವನ್ನು ಸುರಿದಿದ್ದರು. ಮೂರನೆಯದು, ಹುಣಿಸೆಮರದ ಮಗ್ಗುಲಿನದು, ಲಂಟಾನದ ಪೊದೆಯೊಳಗೆ ಉಳಿದಿತ್ತು. ಪೊದೆ ಕಡಿದಾಗ ಕಲ್ಲಿನ ಗುಂಡು ಸಹ ಅಲ್ಲಿಯೇ ಸಿಕ್ಕಿತು. ಊರವರು ನಾಲ್ಕು ಭಾನುವಾರ ಕೆಲಸಮಾಡಿ ನೆಲವನ್ನು ಮಟ್ಟಮಾಡಿದರು. ಚಪ್ಪಡಿಗಳ ಖರ್ಚನ್ನು ಮನೆಗೆ ಇಷ್ಟೆಂದು ಹಂಚಿಕೊಂಡರು. ಹಾಲಿನ ಹುಡುಗನ ಊರು ಅಲ್ಲಿಗೆ ಸಮೀಪದ್ದೇ. ಅವನ ಸೋದರಮಾವನವರು ಎರಡು ಗಾಡಿ ಕಲ್ಲನ್ನು ಹಣ ಕೇಳದೆ ಹೊಡೆಸಿಕೊಟ್ಟರು.

ಕಳೆದ ಸುಗ್ಗಿಯಲ್ಲಿ ಹನ್ನೊಂದು ಮನೆಯವರು ಆ ಕಣದಲ್ಲಿ ಒಕ್ಕಿದರು. ಉಳಿದವರು ರಸ್ತೆಯಲ್ಲಿಯೇ ಒಕ್ಕಿದರು. ಸರದಿ ಕಾಯಲು ಅವರಿಗೆ ತಾಳ್ಮೆಯಿರಲಿಲ್ಲ. ಆದುದನ್ನು ಆದಂತೆ ಹೇಳಬೇಕಾದುದರಿಂದ ಇದನ್ನೂ ಬರೆದಿದ್ದೇನೆ. ಯಜಮಾನರ ರಾಗಿ ಮಾತ್ರ ಖರೀದಿಯ ಕೇಂದ್ರದಲ್ಲಿ ಒಂದೇ ಸಲಕ್ಕೆ ಅಂಗೀಕಾರವಾಯಿತು. ತಟ್ಟೆಯಲ್ಲಿ ಹರಡಿದ ಕಾಳನ್ನು ಅವರು ನನಗೂ ತೋರಿಸಿ, “ಬಾಯಿಗೆ ಹಾಕ್ಕೊಂಡು ನೋಡಿ ಸ್ವಾಮಿ,” ಎಂದರು. ಹಾಕಿಕೊಂಡು ನೋಡಿದೆನು. ಮರಳಿರಲಿಲ್ಲ.

ನಮ್ಮ ಇಲಾಖೆಯವರು ಹೊಸ ತಳಿ, ಗೊಬ್ಬರ, ಔಷಧಿಗಳ ವಿಷಯದಲ್ಲಿ ಆಡಿದಷ್ಟು ಮಾತನ್ನು ಕಣದ ವಿಷಯದಲ್ಲಿ ಆಡಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಈ ಹೆದ್ದಾರಿಯನ್ನು ಈಚಿನ ವರ್ಷಗಳಲ್ಲಿ ಅಗಲಪಡಿಸುವ ಕೆಲಸ ನಡೆದಿದೆ. ದಾರಿ ಅಗಲವಾದಷ್ಟೂ ವಾಹನಗಳ ವೇಗ ಹೆಚ್ಚುವುದು. ಹುಲ್ಲು ಹರಡಲು ಜಾಗವೂ ಹೆಚ್ಚಿತೆಂದು ತೋರುವುದು. ಅಪಾಯವು ಇಮ್ಮಡಿಯಾಗುವ ಮೊದಲೇ ಎಚ್ಚರಗೊಳ್ಳುವುದು ಲೇಸು. ರೈತಬಾಂಧವರು ಬರುವ ಕೊಯ್ಲಿಗೆ ಮುಂಚೆ, ಭಾದ್ರಪದ ಆಶ್ವಯುಜಗಳಲ್ಲಿ ಬಿಡುವಾದಾಗ, ತಮ್ಮ ಊರಿನ ಕಣದ ಜಾಗವನ್ನು ಒಮ್ಮೆ ಹೋಗಿ ನೋಡಲೆಂದು ಪ್ರಾರ್ಥಿಸುತ್ತೇನೆ. ಅಳತೆ, ಇಳಿಜಾರು, ಯಂತ್ರಗಳ ವಿಷಯದಲ್ಲಿ ಸಲಹೆ ಬೇಕಾದವರು ಹೋಬಳಿಯ ಕೇಂದ್ರಕ್ಕೆ ತಿಳಿಸಿದರೆ ಇಲಾಖೆಯ ಸಿಬ್ಬಂದಿಯವರು ಸ್ಥಳಕ್ಕೆ ಬರುವರು.